ಬಿಲದ ನಾಯಿಗೆ ಹನುಮಂತನಗರದಲ್ಲಿ ಏನು ಕೆಲಸ?

1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ಸ್ ಎಂಬ ಕುದುರೆ ಪಡೆಯೊಂದಿಗೆ ಒಬ್ಬ ಎಳೆಯ ಅಧಿಕಾರಿ ಬೆಂಗಳೂರಿನ ದಂಡಿಗೆ ಬಂದ. ಬೆಳಿಗ್ಗೆ ಪರೇಡು, ಸಂಜೆ ಪೋಲೊ. ನಡುವಿನ ಹೊತ್ತು ಕಳೆಯುವುದೇ ಕಷ್ಟ. ಬಂಗಲೆಯ ತೋಟದಲ್ಲಿ ಗುಲಾಬಿ ನೋಡಿಕೊಂಡ, ದಪ್ಪ ದಪ್ಪ ಪುಸ್ತಕ ತರಿಸಿಕೊಂಡು ಓದಿದ, ಬಲೆ ಹಿಡಿದು ಚಿಟ್ಟೆಗಳ ಹಿಂದೆ ಬಿದ್ದ. 65ಕ್ಕೂ ಹೆಚ್ಚು ಬಗೆಯ ಚಿಟ್ಟೆ ಕೂಡಿಹಾಕಿದ್ದನಂತೆ. ಅಷ್ಟರಲ್ಲಿ ಇಲಿಯೊಂದು ಬೀರುವಿನೊಳಗೆ ನುಗ್ಗಿ ಅಷ್ಟನ್ನೂ ತಿಂದು ಹಾಕಿತು. ಅವನು ಇಲಿಯನ್ನು ಹಿಡಿದು ತನ್ನ ಟೆರಿಯರ್ ನಾಯಿಗೆ ಒಪ್ಪಿಸಿದ. ನಾಯಿ ಅದರ ಕತೆ ಮುಗಿಸಿತು. ಇದನ್ನೆಲ್ಲ ತಮ್ಮ ಜ್ಯಾಕ್‌ಗೆ ಕಾಗದ ಬರೆದು, ಮತ್ತೆ ಮೊದಲಿಂದ ಶುರುಮಾಡಿದ್ದೇನೆ ಎಂದೂ ತಿಳಿಸಿದ. ನಾಯಿಯ ಹೆಸರು ವಿನ್‌ಸ್ಟನ್. ಯಜಮಾನನ ಹೆಸರೂ ಅದೇ, ವಿನ್‌ಸ್ಟನ್ ಚರ್ಚಿಲ್.

ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಈ ಮಹಾಶಯ ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಕತೆ ಊರಿಗೆಲ್ಲ ಗೊತ್ತು. ಅವನ ನಾಯಿಯ ಸುದ್ದಿ ಯಾರೂ ಎತ್ತುವುದಿಲ್ಲ. ನನ್ನ ಮಟ್ಟಿಗೆ ಬಾಕಿಗಿಂತ ನಾಯಿ ದೊಡ್ಡದು. ಟೆರಿಯರ್ ಜಾತಿಯ ನಾಯಿಯೊಂದು ಬೆಂಗಳೂರಿನಲ್ಲಿ ತನ್ನ ಕುಲಕಸುಬು ಮಾಡಿದ್ದಕ್ಕೆ ಹೆಸರು, ಜಾಗ, ವರ್ಷ ಸಮೇತ ದಾಖಲೆ ಸಿಗುವುದು ಅಪರೂಪ. ಪಾಠ ಹೇಳಿ ನಿವೃತ್ತಳಾದ ಚರಿತ್ರೆ ಮೇಷ್ಟ್ರಮ್ಮನಿಗೆ ಇಂಥವು ಸಿಕ್ಕರೆ ಹಬ್ಬ.

ಈಗ ಇದು ನೆನಪಾದದ್ದು ನನ್ನ ತಂಗಿಯ ಮಗನಿಂದ. ಹನುಮಂತನಗರದ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಅವನೂ ಅವನ ಹೆಂಡತಿಯೂ ಇದ್ದಾರೆ. ಇಬ್ಬರಿಗೂ ಕಂಪ್ಯೂಟರ್ ಕೆಲಸ. ಒಂದು ಭಾನುವಾರ ಕಾಫಿ ಲೋಟ ಹಿಡಿದು ಕೆಳಗಿಳಿದು ಬಂದು, ಮೊಬೈಲಿನಲ್ಲಿ ಒಂದು ನಾಯಿಮರಿ ತೋರಿಸಿದ. ಬಿಳಿ ಮೈ, ಒಂದು ಕಣ್ಣಿನ ಸುತ್ತ ಕಂದು ಮಚ್ಚೆ, ಅರ್ಧ ಮಡಿಸಿದ ಕಿವಿ.

“ಜ್ಯಾಕ್ ರಸೆಲ್ ಟೆರಿಯರ್, ದೊಡ್ಡಮ್ಮ. ಸಣ್ಣ ನಾಯಿ, ಐದಾರು ಕೆಜಿ ಅಷ್ಟೇ. ನಮ್ಮ ಮನೆಗೆ ಸರಿಹೋಗುತ್ತೆ ಅಲ್ವಾ?”

“ಮನೆಗೆ ಸರಿಹೋಗುತ್ತೋ ಇಲ್ಲವೋ ಆಮೇಲೆ ನೋಡೋಣ ಕಣೋ. ಅದು ಯಾವ ಕೆಲಸಕ್ಕೆ ಹುಟ್ಟಿದ್ದು ಅಂತ ಮೊದಲು ತಿಳ್ಕೊ” ಎಂದೆ.

ನಾಯಿ ಕೊಳ್ಳುವವರು ಅಳತೆ ಕೇಳುತ್ತಾರೆ, ಬೆಲೆ ಕೇಳುತ್ತಾರೆ, ಕೂದಲು ಉದುರುತ್ತದೆಯೇ ಎಂದು ಕೇಳುತ್ತಾರೆ. ಅದರ ತಾತ ಮುತ್ತಾತಂದಿರು ಏನು ಮಾಡಿಕೊಂಡಿದ್ದರು ಎಂದು ಕೇಳುವವರು ಕಡಿಮೆ. ಹೆಣ್ಣು ಗಂಡು ನೋಡುವಾಗ ಮೂರು ತಲೆಮಾರು ಕೆದಕುವ ಜನ ನಾವು. ಹದಿಮೂರು ಹದಿನಾಲ್ಕು ವರ್ಷ ಜೊತೆಗೆ ಬಾಳುವ ಪ್ರಾಣಿಯ ವಿಷಯದಲ್ಲಿ ಮಾತ್ರ ಫೋಟೊ ನೋಡಿ ತಲೆ ಆಡಿಸುತ್ತೇವೆ.

ಈ ಜಾತಿಯ ಮೂಲಪುರುಷ ಪಾದ್ರಿ ಜಾನ್ (ಜ್ಯಾಕ್) ರಸೆಲ್. ಹುಟ್ಟಿದ್ದು 1795ರಲ್ಲಿ, ಸತ್ತಿದ್ದು 1883ರಲ್ಲಿ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಚರ್ಚು ನೋಡಿಕೊಂಡಿದ್ದ ಇವನಿಗೆ ನರಿ ಬೇಟೆಯ ಹುಚ್ಚು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನ ಬಳಿ ಒಂದು ಹೆಣ್ಣು ನಾಯಿ ಕಂಡು ಅಲ್ಲೇ ಕೊಂಡುಕೊಂಡ. ಹೆಸರು ಟ್ರಂಪ್. ಬಿಳಿ ಮೈ, ಎರಡು ಕಣ್ಣು ಕಿವಿಗಳ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ನಾಣ್ಯದಷ್ಟು ಅಗಲದ ಒಂದು ಬೊಟ್ಟು. ಇವತ್ತು ಬೆಂಗಳೂರಿನಲ್ಲಿ ಮಾರಾಟವಾಗುವ ಮರಿಗಳ ಮುಖದಲ್ಲೂ ಆ ಹಾಲಿನವನ ನಾಯಿಯ ಮುಖವೇ ಇದೆ.

ಪಾದ್ರಿಗೆ ಬೇಕಾಗಿದ್ದದ್ದು ಕುದುರೆಗಳ ಜೊತೆ ಮೈಲಿಗಟ್ಟಲೆ ಓಡಿ, ನರಿ ಬಿಲ ಹೊಕ್ಕಾಗ ತಾನೂ ಹಿಂದೆಯೇ ನುಗ್ಗುವ ನಾಯಿ. ಬಿಲದೊಳಗೆ ಹೋದ ಮೇಲೆ ಅದು ನರಿಯನ್ನು ಕೊಲ್ಲಬಾರದು. ಎದುರು ನಿಂತು ಬೊಗಳುತ್ತಲೇ ಇರಬೇಕು. ಮೇಲಿದ್ದವರು ಆ ಸದ್ದು ಕೇಳಿ ಎಲ್ಲಿ ಅಗೆಯಬೇಕೆಂದು ತಿಳಿಯುತ್ತಿದ್ದರು, ಇಲ್ಲವೇ ನರಿ ಬೇಸತ್ತು ಹೊರಗೆ ಹಾರುತ್ತಿತ್ತು. ಮೈ ಬಿಳಿ ಯಾಕೆಂದರೆ ಗಡಿಬಿಡಿಯಲ್ಲಿ ಬೇಟೆನಾಯಿಗಳು ಇದನ್ನೇ ನರಿ ಎಂದುಕೊಂಡು ಮೇಲೆ ಬೀಳಬಾರದು. ಎದೆ ಕಿರಿದು ಯಾಕೆಂದರೆ ಬಿಲದಲ್ಲಿ ಸಿಕ್ಕಿಕೊಳ್ಳಬಾರದು. ಮೊಂಡು ಬಾಲ ಹಿಡಿದು ಎಳೆದರೆ ನಾಯಿ ಹೊರಗೆ ಬರಬೇಕು. ಮೈಯ ಒಂದೊಂದು ಅಂಗುಲಕ್ಕೂ ಒಂದೊಂದು ಕಾರಣವಿದೆ.

ಮೈಗೆ ಇದ್ದಂತೆ ಗುಣಕ್ಕೂ ಇದೆ. ಕುರಿ ಕಾಯುವ ನಾಯಿ ಕುರುಬನ ಶಿಳ್ಳೆಗೆ ಕಿವಿಗೊಟ್ಟು ಕೆಲಸ ಮಾಡುತ್ತದೆ. ನೆಲದ ಕೆಳಗೆ, ಕಗ್ಗತ್ತಲಲ್ಲಿ, ಹಲ್ಲು ಕಿರಿದ ನರಿಯ ಎದುರು ನಿಂತ ಟೆರಿಯರಿಗೆ ಯಾವ ಯಜಮಾನ ಅಪ್ಪಣೆ ಕೊಡಲು ಬರುತ್ತಾನೆ? ಮುಂದೆ ನುಗ್ಗಬೇಕೋ ಹಿಂದೆ ಸರಿಯಬೇಕೋ ಎಂಬುದನ್ನು ಅದೇ ನಿಶ್ಚಯಿಸಬೇಕು. ಹೀಗೆ ತಾನೇ ನಿಶ್ಚಯಿಸುವ ನಾಯಿಗಳನ್ನೇ ಆರಿಸಿ ಆರಿಸಿ ತಳಿ ಬೆಳೆಸಿದರು. ಈಗ ಮನೆಯಲ್ಲಿ ಅದು ಕರೆದರೆ ಬರುವುದಿಲ್ಲ ಎಂದು ದೂರುತ್ತೇವೆ. ಬೊಗಳುತ್ತದೆ, ಅಗೆಯುತ್ತದೆ, ಎದುರಿಗೆ ಮೂರು ಪಟ್ಟು ದೊಡ್ಡ ನಾಯಿ ನಿಂತಿದ್ದರೂ ಹೆದರುವುದಿಲ್ಲ ಎನ್ನುವುದೂ ದೂರಿನ ಪಟ್ಟಿಯಲ್ಲೇ ಇರುತ್ತದೆ. ಪಾದ್ರಿಯ ಕಣ್ಣಿಗೆ ಇವೆಲ್ಲ ಬಹುಮಾನ ಕೊಡಬೇಕಾದ ಗುಣಗಳು. 1873ರಲ್ಲಿ ಲಂಡನ್ನಿನ ಕೆನಲ್ ಕ್ಲಬ್ ಕಟ್ಟಿದವರಲ್ಲಿ ಅವನೂ ಒಬ್ಬ. ಫಾಕ್ಸ್ ಟೆರಿಯರ್ ಸ್ಪರ್ಧೆಗಳಿಗೆ ತೀರ್ಪುಗಾರನೂ ಆಗಿದ್ದ.

ಪಟ್ಟಣದ ಟೆರಿಯರಿನ ಪಾಡು ಬೇರೆ. ಅದಕ್ಕೆ ನರಿ ಎಲ್ಲಿ ಸಿಗಬೇಕು? ಇಲಿ ಸಿಕ್ಕಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಲಿಗಳನ್ನು ಗುಂಡಿಗೆ ಸುರಿದು, ನಾಯಿ ಬಿಟ್ಟು, ಗಡಿಯಾರ ಹಿಡಿದು ಬಾಜಿ ಕಟ್ಟುವ ಆಟ ನಡೆಯುತ್ತಿತ್ತು. 1823ರಲ್ಲಿ ಬಿಲ್ಲಿ ಎಂಬ ಟೆರಿಯರ್ ಐದೂವರೆ ನಿಮಿಷದಲ್ಲಿ 100 ಇಲಿ ಕೊಂದು ಹೆಸರು ಮಾಡಿತು. ಅಸಹ್ಯದ ಆಟ, ಸಂಶಯವಿಲ್ಲ. ಆದರೆ ನಾಯಿಯ ವೇಗ ಲೆಕ್ಕ ಹಾಕಿ ನೋಡಿ: ಒಂದು ಇಲಿಗೆ ಮೂರು ಸೆಕೆಂಡಿಗಿಂತ ಚೂರು ಹೆಚ್ಚು, ಅಷ್ಟೇ.

ಇಂಥ ನಾಯಿ ನಮ್ಮೂರಿಗೆ ಬಂದದ್ದು ಸಿಪಾಯಿ ಸಾಹೇಬರ ಜೊತೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಹಲಸೂರಿನ ಕಡೆಗೆ ದಂಡು ಬಂದು ನೆಲೆಸಿದ ಮೇಲೆ ಬೆಂಗಳೂರು ಎರಡು ಊರಾಯಿತು. ಅತ್ತ ದಂಡು, ಇತ್ತ ಪೇಟೆ. ದಂಡಿನ ಬಂಗಲೆಗಳಲ್ಲಿ ಫಾಕ್ಸ್ ಟೆರಿಯರ್, ಬುಲ್ ಟೆರಿಯರ್, ಸ್ಪ್ಯಾನಿಯಲ್. ಇಲ್ಲಿ ಇಂಗ್ಲೆಂಡಿನ ಕೆಂಪು ನರಿ ಇಲ್ಲವಾದ್ದರಿಂದ ಸಾಹೇಬರು ಗುಳ್ಳೆನರಿಯ ಬೆನ್ನು ಹತ್ತಿದರು. ಊಟಿಯಲ್ಲಿ ಇದಕ್ಕಾಗಿಯೇ ಶಿಸ್ತಿನ ಹಂಟ್ ಕ್ಲಬ್ಬೂ ಬೇಟೆನಾಯಿಗಳ ಹಿಂಡೂ ಇದ್ದವು. ಅಷ್ಟು ಗತ್ತಿಲ್ಲದ ಊರುಗಳ ಎಳೆಯ ಅಧಿಕಾರಿಗಳು ಕೈಗೆ ಸಿಕ್ಕ ಜಾತಿಯ ನಾಯಿಗಳನ್ನೆಲ್ಲ ಸೇರಿಸಿ ‘ಬಾಬರಿ ಪ್ಯಾಕ್’ ಎಂದು ಕರೆದು ಬೆಳಗಾಗುವ ಮುಂಚೆ ಹೊರಡುತ್ತಿದ್ದರು. ಗದ್ದಲದ ಹಿಂಡು ಅಂತಿಟ್ಟುಕೊಳ್ಳಿ. ಟೆರಿಯರಿಲ್ಲದೆ ಅಂಥ ಗದ್ದಲ ಪೂರ್ತಿಯಾಗುತ್ತಿರಲಿಲ್ಲ.

ಪೇಟೆ ಕಡೆಗೆ ಈ ನಾಯಿ ಬಂದದ್ದು ಚಿತ್ರವಾಗಿ. ನಮ್ಮ ತಾತನ ಮನೆಯಲ್ಲಿ ಗ್ರಾಮಾಫೋನ್ ಇತ್ತು. ಕೀ ಕೊಟ್ಟು, ಸೂಜಿ ಇಟ್ಟರೆ ನಾಟಕದ ಹಾಡು. ಕಪ್ಪು ಪ್ಲೇಟಿನ ನಟ್ಟನಡುವೆ ಬಿಳಿ ನಾಯಿಯೊಂದು ಕೊಳವೆಗೆ ಕಿವಿಯಿಟ್ಟು ಕುಳಿತಿರುತ್ತಿತ್ತು. ಹಾಡು ಶುರುವಾದರೆ ನಾಯಿಯೂ ಗಿರಗಿರ ತಿರುಗಿ ಬಿಳಿ ಬಳೆಯಾಗಿಬಿಡುತ್ತಿತ್ತು. ಹಾಡು ಮುಗಿದು ಪ್ಲೇಟು ನಿಧಾನವಾದಂತೆ ಮೊದಲು ಕೊಳವೆ, ಆಮೇಲೆ ಕಿವಿ ಕಾಣಿಸುತ್ತಿದ್ದವು. ನನಗೆ ಹಾಡಿಗಿಂತ ಅದನ್ನು ಕಾಯುವುದರಲ್ಲೇ ಆಸಕ್ತಿ. ಅದು ನಿಪ್ಪರ್. 1884ರಲ್ಲಿ ಬ್ರಿಸ್ಟಲ್ಲಿನಲ್ಲಿ ಹುಟ್ಟಿದ, ಮುಕ್ಕಾಲು ಪಾಲು ಟೆರಿಯರ್ ಎನ್ನಬಹುದಾದ ಮಿಶ್ರತಳಿ. 1895ರಲ್ಲಿ ಸತ್ತ ಮೇಲೆ ಅದರ ಒಡೆಯ ಫ್ರಾನ್ಸಿಸ್ ಬರೋ ಚಿತ್ರ ಬರೆದ. ಮೊದಲು ಬರೆದದ್ದು ಎಡಿಸನ್ ಮಾದರಿಯ ಫೋನೋಗ್ರಾಫನ್ನು. ಗ್ರಾಮಾಫೋನ್ ಕಂಪನಿಯವರು 1899ರಲ್ಲಿ ಅದನ್ನು ಅಳಿಸಿ ತಮ್ಮ ಯಂತ್ರ ಬರೆಸಿ ಕೊಂಡುಕೊಂಡರು. ಜಗತ್ತಿನ ಅತಿ ತಾಳ್ಮೆಯ ನಾಯಿ ಎಂದು ನಾವೆಲ್ಲ ನಂಬಿದ್ದ ಆ ನಿಪ್ಪರ್, ನಿಜದಲ್ಲಿ ಮನೆಗೆ ಬಂದವರ ಕಾಲಿನ ಹಿಂಬದಿಗೆ ಬಾಯಿ ಹಾಕುತ್ತಿತ್ತೆಂದೇ ಆ ಹೆಸರು ಪಡೆದದ್ದಂತೆ. ಆಮೇಲೆ ಟಿನ್‌ಟಿನ್ ಪುಸ್ತಕಗಳ ಸ್ನೋಯಿ ಬಂತು, ಅದೂ ಟೆರಿಯರೇ. ಹೀಗೆ ದಕ್ಷಿಣ ಬೆಂಗಳೂರಿನ ಎರಡು ತಲೆಮಾರು ಈ ನಾಯಿಯನ್ನು ಕೂತಿರುವ, ಬೊಗಳದ, ಅಗೆಯದ ಸ್ಥಿತಿಯಲ್ಲೇ ಕಂಡು ಮೆಚ್ಚಿತು. ಈಗ ರೀಲ್ಸ್ ಆ ಕೆಲಸ ಮಾಡುತ್ತಿವೆ. ಅರ್ಧ ನಿಮಿಷ ನೋಡಿದರೆ ಯಾವ ನಾಯಿಯೂ ಚೆಂದವೇ.

ಹಾಗಂತ ನಾಯಿಯ ಮೋಹ ಕನ್ನಡಿಗರಿಗೆ ಸಾಹೇಬರು ಹಚ್ಚಿದ್ದಲ್ಲ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂಗಿಯ ಮಗನನ್ನು ಎಳೆದುಕೊಂಡು ಹೋಗಿ ಆತಕೂರಿನ ಕಲ್ಲು ತೋರಿಸಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು. ಶಕವರ್ಷ 872, ಅಂದರೆ ಕ್ರಿ.ಶ. 949-50ರದು. ಮೇಲ್ಭಾಗದಲ್ಲಿ ಒಂದು ನಾಯಿ, ಒಂದು ಹಂದಿ, ಮುಖಕ್ಕೆ ಮುಖ ಕೊಟ್ಟು ಹಾಯ್ದಿವೆ. ಸುತ್ತಲೂ ಹಳಗನ್ನಡದ ಸಾಲುಗಳು.

ಕತೆ ಇಷ್ಟು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ. ಅವನ ಪರವಾಗಿ ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಅದಕ್ಕೆ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡು ಎಲ್ಲವೂ ಉಂಬಳಿಯಾಗಿ ಬಂದವು. ಅದೇ ಯುದ್ಧದಲ್ಲಿ ಮಣಲೆರ ಎಂಬ ವೀರನೂ ಕಾದಿದ್ದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಅಂದಾಗ, ನಾಡು ಹಂಚಿಕೆಯಾಗುತ್ತಿದ್ದ ಆ ಹೊತ್ತಿನಲ್ಲಿ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಕೇಳಿ ಪಡೆದ. ಆಮೇಲೆ ಕೆಳಲೆನಾಡಿನ ಬೆಳ್ತೂರ ಬೆಟ್ಟದಲ್ಲಿ ಅದನ್ನು ಹೆಗ್ಗಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ನಾಯಿಗೆ ಆತಕೂರಿನ ಚಲ್ಲೇಶ್ವರನ ಎದುರಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಶಾಪವನ್ನೂ ಕೆತ್ತಿಸಿದರು. ಚೋಳ ಯುವರಾಜ ಸತ್ತ ಸುದ್ದಿಗೂ ಚರಿತ್ರೆಕಾರರು ಈ ಕಲ್ಲನ್ನು ನೋಡುತ್ತಾರೆ.

ತಂಗಿಯ ಮಗ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, “ಈ ಕಾಳಿ ಯಾವ ಬ್ರೀಡ್ ದೊಡ್ಡಮ್ಮ?” ಅಂದ. ಬ್ರೀಡಿನ ಪ್ರಶ್ನೆ ಆ ಕಾಲದವರಿಗೆ ಹೊಳೆದೇ ಇರಲಿಲ್ಲ. ಹಂದಿಯ ಮೇಲೆ ಬಿದ್ದರೆ ಬಿಡದ ನಾಯಿ. ಮಣಲೆರನಿಗೆ ಅಷ್ಟು ಸಾಕಿತ್ತು. ಕೆಲಸ ನೋಡಿ ನಾಯಿ ಕೇಳಿದವನು ಅವನು. ಮುಧೋಳದ ನಾಯಿಯದೂ ಅದೇ ಜಾಡು. ಬಯಲುಸೀಮೆಯ ಬಟಾಬಯಲಿನಲ್ಲಿ ಮೊಲದ ಹಿಂದೆ ಬಾಣದಂತೆ ಓಡಲು ಬೇಕಾದ ಸಪೂರ ಮೈ, ಉದ್ದ ಕಾಲು, ದೂರದೃಷ್ಟಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಆ ತಳಿಯನ್ನು ಕಾಪಾಡಿ, ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೂ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಚೀಟಿ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ನಡೆಯುತ್ತಿದೆ, ಸೇನೆಯವರೂ ಮರಿ ಒಯ್ದು ತರಬೇತಿ ಕೊಟ್ಟಿದ್ದಾರೆ. ಆದರೆ ಅದಕ್ಕೆ ಬಯಲು ಬೇಕು. ಹನುಮಂತನಗರದ ಅಡ್ಡರಸ್ತೆಯಲ್ಲಿ ಅದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮುಂದಿನ ಕ್ರಾಸು ಬಂದಿರುತ್ತದೆ.

ನಮ್ಮ ಬಸವನಗುಡಿ ಸುತ್ತಿನ ಮನೆಗಳಿಗೆ ನಾಯಿ ಹೊಸಿಲು ದಾಟಿ ಬಂದದ್ದು ತೀರ ಈಚೆಗೆ. ಈ ಮನೆಗಳ ಕತೆ ಶುರುವಾಗುವುದು ಇಲಿಯಿಂದ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ‘ಇಲಿ ಬಿತ್ತು’ ಎಂದರೆ ಮನೆ ಬಿಡಬೇಕು, ಊರಾಚೆ ಷೆಡ್ಡು ಹಾಕಬೇಕು. ನಮ್ಮಜ್ಜಿ ಸಾಯುವವರೆಗೂ ಇಲಿ ಸತ್ತ ವಾಸನೆ ಬಂದರೆ ಬೆಚ್ಚುತ್ತಿದ್ದರು. ಆಗ ಮನೆಗೊಂದು ಟೆರಿಯರ್ ಇದ್ದಿದ್ದರೆ ಎಂದು ತಂಗಿಯ ಮಗ ಕೇಳಿದ. ಬುದ್ಧಿವಂತ ಪ್ರಶ್ನೆಯೇ. ಆದರೆ ಪ್ಲೇಗ್ ಹರಡುವುದು ಇಲಿಯ ಮೈಯ ಚಿಗಟದಿಂದ ಎಂದು ಸಿಮೋಂ ಎಂಬ ಫ್ರೆಂಚ್ ವೈದ್ಯ ಅದೇ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡಿದ್ದ. ಇಲಿಯ ಮೈ ತಣ್ಣಗಾದ ಕೂಡಲೇ ಚಿಗಟ ಬಿಸಿ ಮೈ ಹುಡುಕುತ್ತದೆ. ಇಲಿ ಕಚ್ಚಿ ತಂದ ನಾಯಿ ಆ ಚಿಗಟವನ್ನೂ ಹೊತ್ತುಕೊಂಡೇ ನಡುಮನೆಗೆ ಬರುತ್ತಿತ್ತು.

ಸಾಕುನಾಯಿಯೆಂದು ಸರಪಳಿ ಹಾಕಿ ಇಟ್ಟುಕೊಂಡವರೂ ಗೇಟಿನ ಪಕ್ಕ, ನಲ್ಲಿಯ ಹತ್ತಿರ ಅದಕ್ಕೆ ಜಾಗ ಕೊಟ್ಟಿದ್ದರು. ದೇವರ ಮನೆ ಇರುವ ಸೂರಿನಡಿಗೆ ಅದು ಬರುವಂತಿಲ್ಲ. ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಬೇರೆ. ಮಡಿಯ ಕಟ್ಟು ಸಡಿಲಿಸಿದ್ದು ನಾವು ‘ಪಾಮ್’ ಅನ್ನುತ್ತಿದ್ದ ಬಿಳಿ ಪಮೇರಿಯನ್. ಸರಿಯಾಗಿ ಹೇಳಬೇಕೆಂದರೆ ಇಂಡಿಯನ್ ಸ್ಪಿಟ್ಜ್. ಮೊಸರನ್ನ ತಿನ್ನುತ್ತಿತ್ತು, ಸೆಕೆ ತಡೆಯುತ್ತಿತ್ತು, ನೋಡಲು ಮಡಿಯಾಗಿಯೇ ಕಾಣುತ್ತಿತ್ತು. 1994ರ ಹಿಂದಿ ಸಿನಿಮಾದ ಟಫಿ ಅದಕ್ಕೆ ತಾರಾಪಟ್ಟವನ್ನೂ ಕೊಟ್ಟಿತು. 2003ರಲ್ಲಿ ಹಚ್ ಮೊಬೈಲಿನ ಜಾಹೀರಾತು ಬಂದದ್ದೇ ತಡ, ಪಗ್. 2022ರಲ್ಲಿ ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡು ಬಂದವರಿಗೆ ಲ್ಯಾಬ್ರಡಾರ್. ಒಂದೊಂದು ಅಲೆಯ ಹಿಂದೆಯೂ ಬೀದಿಗೆ ಬಿಟ್ಟ ನಾಯಿಗಳ ಒಂದು ಸಣ್ಣ ಸಾಲು ಇರುತ್ತದೆ. ಶಂಕರಪುರದ ಕಡೆ ಮೂತಿ ಚಪ್ಪಟೆಯ ಮುದಿ ಪಗ್ ಒಂದು ಹೋಟೆಲಿನ ಮುಂದೆ ಏದುಸಿರು ಬಿಡುತ್ತಾ ಕೂತಿದ್ದನ್ನು ಎಷ್ಟೋ ದಿನ ನೋಡಿದ್ದೇನೆ. ಅಲೆಯ ಸರದಿ ಈಗ ಟೆರಿಯರಿನದೋ ಏನೋ.

ಇನ್ನು ಹನುಮಂತನಗರ. ಬಸವನಗುಡಿಗಿಂತ ಎಷ್ಟೋ ಈಚಿನ ಬಡಾವಣೆ. ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ಗುಡ್ಡಗಳ ಮಗ್ಗುಲಲ್ಲಿ ಏರುಪೇರಿನ ನೆಲ. ಒಂದು ಕ್ರಾಸು ಹತ್ತಿದರೆ ಇನ್ನೊಂದು ಇಳಿಯಬೇಕು. ಮೂವತ್ತು ನಲವತ್ತರ ಸೈಟಿನಲ್ಲಿ ಮೊದಲು ಒಂದು ಹೆಂಚಿನ ಮನೆ, ಹಿಂದೆ ಒಂದು ಬಾವಿ, ತೆಂಗಿನ ಮರ, ದಾಸವಾಳ ಇದ್ದವು. ಈಗ ಅದೇ ಸೈಟಿನಲ್ಲಿ ಮೂರು ಅಂತಸ್ತು, ಕೆಳಗೆ ಎರಡು ಕಾರು. ಮಣ್ಣು ಎನ್ನುವುದು ಉಳಿದಿದ್ದರೆ ಕುಂಡಗಳಲ್ಲಿ ಮತ್ತು ತುಳಸಿಕಟ್ಟೆಯಲ್ಲಿ. ಅಗೆಯುವುದಕ್ಕೆಂದೇ ಹುಟ್ಟಿದ ನಾಯಿಗೆ ಇಷ್ಟೇ ನೆಲ.

ಟೆರಿಯರಿನ ಕೆಲಸ ಮಾತ್ರ ಇಲ್ಲಿ ಧಾರಾಳವಾಗಿದೆ. ಚಪ್ಪಡಿ ಹಾಸಿದ ಮೋರಿಗಳ ತುಂಬ ಹೆಗ್ಗಣ. ನಮ್ಮ ಕ್ರಾಸಿನ ಕೊನೆಯ ಮನೆಗೆ ಒಂದು ಜ್ಯಾಕ್ ರಸೆಲ್ ಬಂದಿದೆ. ಅದರ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ದುಬೈಯಲ್ಲಿರುವ ಮಗಳು ಬಿಟ್ಟುಹೋದ ನಾಯಿ. ಒಂದು ಶುಕ್ರವಾರ ಬೆಳಿಗ್ಗೆ ಹಾಲು ತರಲು ಹೋದಾಗ ಅದು ಮೋರಿಯ ಎರಡು ಚಪ್ಪಡಿಗಳ ಸಂದಿಗೆ ಮೂತಿಯಿಟ್ಟು ನಿಂತಿತ್ತು. ಒಂದು ಮುಂಗಾಲು ಗಾಳಿಯಲ್ಲಿ, ಬಾಲ ಸೆಟೆದು ತುದಿ ಮಾತ್ರ ಅದುರುತ್ತಿದೆ, ತಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಿದೆ. ಯಜಮಾನರು ಹಗ್ಗ ಜಗ್ಗುತ್ತಾ ಹೆಸರು ಹಿಡಿದು ಕೂಗುತ್ತಿದ್ದಾರೆ. ಅದಕ್ಕೆ ಲೋಕವೇ ಇಲ್ಲ. ಹೆಗ್ಗಣ ಹೊರಗೆ ಮೂತಿ ಹಾಕಿದ್ದೇ ತಡ, ಕತ್ತಿನ ಹಿಂದೆ ಬಾಯಿ ಹಾಕಿ ಎರಡು ಸಲ ಒದರಿತು. ಕೀಚ್ ಎಂಬ ಒಂದು ಸದ್ದು. ನೆಲಕ್ಕೆ ಹಾಕಿ, ಸತ್ತದ್ದರ ಕಡೆ ತಿರುಗಿಯೂ ನೋಡದೆ ಮತ್ತೆ ಸಂದಿಗೆ ಮೂತಿ ಇಟ್ಟಿತು, ಇನ್ನೊಂದಿದೆಯಾ ಎಂದು. ಹೆಗ್ಗಣ ಬಿದ್ದದ್ದು ಎದುರು ಮನೆಯಾಕೆ ಆಗಷ್ಟೇ ಬಿಟ್ಟಿದ್ದ ರಂಗೋಲಿಯ ಮೇಲೆ. ಆಮೇಲೆ ಆ ಬೀದಿಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವ ಹಾಗಿಲ್ಲ.

ನನಗಂತೂ ಚರ್ಚಿಲನ ಕಾಗದವನ್ನು ಕಣ್ಣಾರೆ ಓದಿದಂತಾಯಿತು. ಆದರೆ ಮರುದಿನ ನಾಯಿಯ ಕೆನ್ನೆ ಊದಿತ್ತು, ಹೆಗ್ಗಣವೂ ಕಚ್ಚಿತ್ತು. ಡಾಕ್ಟರ ಹತ್ತಿರ ಓಡಿದರು. ಮೋರಿಯ ನೀರಿನಲ್ಲಿ ಇಲಿಯ ಉಚ್ಚೆಯಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ರೇಬೀಸ್ ಲಸಿಕೆಯ ಜೊತೆ ಅದರ ಲಸಿಕೆಯನ್ನೂ ವರ್ಷ ವರ್ಷ ತಪ್ಪದೆ ಹಾಕಿಸಬೇಕು. ಮೋರಿಯ ಮೇಲೆ ಬದುಕುವ ನಮ್ಮಂಥ ಊರಿನಲ್ಲಿ ಟೆರಿಯರ್ ಇಟ್ಟುಕೊಳ್ಳುವವರಿಗೆ ಇದು ಬಿಡಿಸಿಕೊಳ್ಳಲಾಗದ ಖರ್ಚು.

ಬೀದಿನಾಯಿಗಳದು ಇನ್ನೊಂದು ಲೆಕ್ಕ. ನಮ್ಮ ಪ್ರತಿ ಕ್ರಾಸಿಗೂ ಒಂದೊಂದು ಗುಂಪು, ಅವಕ್ಕೆ ಅವುಗಳದೇ ಗಡಿ. ಲ್ಯಾಬ್ರಡಾರ್ ಆದರೆ ಬಾಲ ಅಲ್ಲಾಡಿಸಿ ಮುಂದೆ ಹೋದೀತು. ಐದಾರು ಕೆಜಿಯ ಟೆರಿಯರಿಗೆ ತಾನು ಸಣ್ಣದೆಂಬ ಅರಿವೇ ಇಲ್ಲ. ಬ್ಯಾಂಕಿನ ಯಜಮಾನರು 50 ಅಡಿ ರಸ್ತೆ ದಾಟುವಾಗೆಲ್ಲ ಅದನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗುತ್ತಾರೆ. ಅಲ್ಲಿಂದಲೂ ಅದು ಸವಾಲು ಹಾಕುತ್ತಲೇ ಇರುತ್ತದೆ. ನಿಂತಲ್ಲಿಂದ ಅದು ಹಾರುವ ಎತ್ತರ ನೋಡಿದ ಮೇಲೆ ಮನೆಯ ಟೆರೇಸಿನ ಗೋಡೆಗೆ ಮೇಲೆ ಒಂದು ವರಸೆ ಕಂಬಿ ಹಾಕಿಸಿದರು. ಅಳಿಲು ಕಂಡರೆ ಮೂರನೇ ಮಹಡಿ ಎಂಬ ಎಚ್ಚರ ಅದಕ್ಕಿರುವುದಿಲ್ಲ.

ಕಾನೂನು ಏನನ್ನುತ್ತದೆ ಎಂದೂ ತಂಗಿಯ ಮಗ ಹುಡುಕಿಕೊಂಡು ಬಂದಿದ್ದ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಎಂದು ನಿಯಮ ಮಾಡಹೊರಟು ಜನ ಕೂಗಾಡಿದ ಮೇಲೆ ಹಿಂದೆ ಸರಿದಿತ್ತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್ ಟೆರಿಯರ್ ಮೊದಲಾದ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೆಂದು ನಮ್ಮ ಹೈಕೋರ್ಟು ಏಪ್ರಿಲ್ಲಿನಲ್ಲಿ ಅದನ್ನು ರದ್ದುಪಡಿಸಿತು. ಆ ಗಲಾಟೆಯ ದಿನಗಳಲ್ಲಿ ಬ್ಯಾಂಕಿನ ಯಜಮಾನರನ್ನು ಬೀದಿಯವರು “ನಿಮ್ಮದೂ ಟೆರಿಯರೇ ಅಲ್ವಾ ಸಾರ್?” ಎಂದು ಕೇಳಿ ಪ್ರಾಣ ತಿಂದಿದ್ದರು. ಹೆಸರಿನ ಬಾಲ ಒಂದೇ ಆದರೂ ಪಿಟ್‌ಬುಲ್ಲಿನ ಪೂರ್ವಿಕರು ಗೂಳಿಯ ಮೇಲೆ, ಒಂದರ ಮೇಲೊಂದು ಕಾದಾಡಿದವರು. ಇದರವರು ಬಿಲದ ಬಾಗಿಲಲ್ಲಿ ಬೊಗಳಿದವರು.

ಈ ನಾಯಿ ಯಾರಿಗೆ ಆಗುತ್ತದೆ? ನನ್ನ ಅಭಿಪ್ರಾಯ ಹೇಳಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಅಷ್ಟೇ ಹೊತ್ತು ಅದನ್ನು ದಣಿಸುವವರಿಗೆ ಆಗುತ್ತದೆ. ದಣಿಸುವುದು ಅಂದರೆ ಬರೀ ನಡೆಸುವುದಲ್ಲ, ಮೂಗಿಗೂ ತಲೆಗೂ ಕೆಲಸ ಕೊಡಬೇಕು. ಹಳೆಯ ಬಟ್ಟೆಯ ಗಂಟಿನಲ್ಲಿ ತಿಂಡಿ ಬಚ್ಚಿಟ್ಟು ಹುಡುಕಿಸಬೇಕು, ಮರಳು ತುಂಬಿದ ಒಂದು ತೊಟ್ಟಿ ಕೊಟ್ಟು “ಇಲ್ಲಿ ಅಗಿ” ಎಂದು ಕಲಿಸಬೇಕು. ಹೇಳಿದ ಮಾತಿಗೆ ಒಮ್ಮೆಗೇ ಬಾಲ ಅಲ್ಲಾಡಿಸುವ ಪ್ರಾಣಿ ಬೇಕಾದವರಿಗೆ ಆಗದು. ಮನೆಯಲ್ಲಿ ಬೆಕ್ಕು, ಮೊಲ, ಗಿಣಿ ಇದ್ದರೆ ಬೇಡವೇ ಬೇಡ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮೀಟಿಂಗಿನಲ್ಲಿ ಕೂರುವ ಇಬ್ಬರ ಮನೆಯಲ್ಲಿ ಅದು ಸೋಫಾದ ಹೊಟ್ಟೆಯಲ್ಲೇ ನರಿ ಹುಡುಕುತ್ತದೆ. ಬೊಗಳಿದಾಗ ಬೈಯುವ ಮುಂಚೆ, ನೆಲದಡಿಯಿಂದ ಬೊಗಳಲೆಂದೇ ಅದನ್ನು ಇನ್ನೂರು ವರ್ಷ ಸಾಕಿದರು ಎಂಬುದು ನೆನಪಿಗೆ ಬರಬೇಕು.

“ಮುದುಕಿ ನಾನು ಕೆಳಗಿದ್ದೀನಿ ಅಂತ ಹಗಲು ನನ್ನ ತಲೆಗೆ ಕಟ್ಟೋ ಯೋಚನೆ ಇದ್ದರೆ ಈಗಲೇ ಬಿಡು” ಎಂದೂ ಸೇರಿಸಿದೆ. ಅವನು ನಕ್ಕ. ಆ ಯೋಚನೆ ಇತ್ತು ಎಂದಾಯಿತು.

ಆಮೇಲೆ ಅವನೂ ಸೊಸೆಯೂ ಕೂತು ನನ್ನ ಷರತ್ತುಗಳನ್ನು ಒಂದೊಂದಾಗಿ ಒಪ್ಪಿದರು. ತುಳಸಿಕಟ್ಟೆಗೆ ಎತ್ತರದ ಕಟಾಂಜನ. ಗೇಟಿನ ಕೆಳಗಿನ ಸಂದಿಗೆ ಜಾಲರಿ. ದೀಪಾವಳಿಯ ಮೂರು ದಿನ ಪಟಾಕಿ ಇಲ್ಲದ ಕಡೆ, ಸೊಸೆಯ ತವರು ತೀರ್ಥಹಳ್ಳಿಗೆ. ಮರಿ ಮಾರುವವರ ಮನೆಗೆ ಹೋಗಿ ತಾಯಿ ನಾಯಿಯನ್ನು ಕಣ್ಣಾರೆ ನೋಡಿಯೇ ತರುವುದು, ತೋರಿಸದಿದ್ದರೆ ವಾಪಸು. ಅಥವಾ ಬ್ಯಾಂಕಿನವರ ಮನೆಯದಕ್ಕೆ ಆದಂತೆ, ಯಾರೋ ಸಾಕಲಾಗದೆ ಬಿಟ್ಟ ಬೆಳೆದ ನಾಯಿ ಸಿಕ್ಕರೆ ಅದೇ ಮೇಲು, ಗುಣ ಗೊತ್ತಾಗಿರುತ್ತದೆ.

ಬೆಳಗಿನ ಐದೂವರೆಗೆ ಎದ್ದು ಕುಮಾರಸ್ವಾಮಿ ಗುಡ್ಡದ ಕಡೆ ಯಾರು ಕರೆದುಕೊಂಡು ಹೋಗಬೇಕು ಎಂಬಲ್ಲಿಗೆ ಮಾತು ನಿಂತಿದೆ. ಅಮೆರಿಕದವರ ಜೊತೆ ರಾತ್ರಿ ಹನ್ನೊಂದರವರೆಗೆ ಕಾಲ್ ಇರುತ್ತದೆ ಎಂದು ಅವನು, ನನಗೂ ಇರುತ್ತದೆ ಎಂದು ಅವಳು. ಬ್ಯಾಂಕಿನ ಯಜಮಾನರಿಗೆ ಮುಂದಿನ ತಿಂಗಳು ಮಂಡಿ ಆಪರೇಷನ್ನಂತೆ; ಅವರ ನಾಯಿಯನ್ನು ಅಷ್ಟು ದಿನ ಬೆಳಿಗ್ಗೆ ನೀವೇ ಸುತ್ತಾಡಿಸಿ, ಅವರಿಗೂ ಉಪಕಾರವಾಗುತ್ತದೆ ಎಂದಿದ್ದೇನೆ. ಸೊಸೆ ಆಗಲಿ ಎಂದಿದ್ದಾಳೆ. ಅವನು ಅಲಾರಂ ಎಷ್ಟಕ್ಕೆ ಇಡಬೇಕು ಎಂದು ಇನ್ನೂ ಲೆಕ್ಕ ಹಾಕುತ್ತಿದ್ದಾನೆ.